ಒಳಗಿನ ಮಾತು ನಿಂತು ಹದಿನಾಲ್ಕು ತಿಂಗಳಾಯ್ತು. ನಿಮಗೂ ಹೀಗೆ ಆಗಿತ್ತಾ?

ದೀಪದ_ಕುಡಿ (ಪ್ರಶ್ನೆ ಕೇಳಿದವರು)

ಹನುಮಂತನಗರದವಳು, ವಯಸ್ಸು 47. ಮದುವೆಗೆ ಮುಂಚಿನಿಂದ ನನಗೊಂದು ಅಭ್ಯಾಸ. ಬೆಳಗ್ಗೆ ದೀಪ ಹಚ್ಚಿ ಹತ್ತು ನಿಮಿಷ ಸುಮ್ಮನೆ ಕೂರೋದು. ಜಪ, ಪ್ರಾಣಾಯಾಮ ಏನೂ ಇಲ್ಲ. ಏನಾದ್ರೂ ತೀರ್ಮಾನ ಮಾಡೋದಿದ್ರೆ ಅದನ್ನ ದೇವರ ಮುಂದೆ ಇಟ್ಟು ಕೂತ್ಕೊಳ್ತಿದ್ದೆ. ಒಂದು ದಿನಕ್ಕೋ ವಾರಕ್ಕೋ ಒಳಗಡೆ ತಿಳಿಯಾಗ್ತಿತ್ತು. ಧ್ವನಿ ಅಂತ ಹೇಳಲಾರೆ. ಟ್ಯಾಂಕರ್ ನೀರು ರಾತ್ರಿ ಕೊಡದಲ್ಲಿ ಹಿಡಿದಿಟ್ರೆ ಬೆಳಗ್ಗೆ ತಳ ಕಾಣುತ್ತಲ್ಲ, ಹಾಗೆ.

ಕಳೆದ ವರ್ಷ ಅಪ್ಪ ಹೋದ್ರು. ಅಲ್ಲಿಂದ ಏನೂ ಇಲ್ಲ. ದೀಪ ಹಚ್ತೀನಿ, ಕೂರ್ತೀನಿ, ಗೋಡೆ ನೋಡಿ ಎದ್ದು ಬರ್ತೀನಿ. ಬೀಗ ಹಾಕಿದ ಮನೆಯ ಕಾಲಿಂಗ್ ಬೆಲ್ ಒತ್ತಿದ ಹಾಗೆ.

ಇಷ್ಟೇ ಆಗಿದ್ರೆ ಇಲ್ಲಿ ಬರೀತಿರ್ಲಿಲ್ಲ. ಅಮ್ಮನಿಗೆ ಮರೆವಿನ ಕಾಯಿಲೆ. ಎರಡು ಸಲ ಗ್ಯಾಸ್ ಆನ್ ಮಾಡಿ ಬಿಟ್ಟಿದ್ರು. ಒಂದ್ಸಲ ಚಾಮರಾಜಪೇಟೆ ಐದನೇ ಮೇನ್‌ನಲ್ಲಿ ಹೂವಿನವಳ ಪಕ್ಕ ಕೂತಿದ್ರು, ತವರು ಮನೆ ಎಲ್ಲಿ ಅಂತ ಅವಳನ್ನ ಕೇಳ್ತಾ. ನಾನು ಬ್ಯಾಂಕ್ ಕೆಲಸ ಬಿಡಬೇಕಾ (ಇನ್ನೂ 13 ವರ್ಷ ಸರ್ವೀಸ್ ಇದೆ), ಇಲ್ಲ ಅಣ್ಣ ಹೇಳೋ ಹಾಗೆ ಕನಕಪುರ ರಸ್ತೆ ಕಡೆ ಒಂದು ವೃದ್ಧಾಶ್ರಮಕ್ಕೆ ಅಮ್ಮನ್ನ ಸೇರಿಸಬೇಕಾ? ತಿಂಗಳ ಕೊನೆಗೆ ಉತ್ತರ ಹೇಳು ಅಂದಿದ್ದಾನೆ. ದೇವಸ್ಥಾನದಲ್ಲಿ ಹೂ ಪ್ರಸಾದ ಕೇಳಿದೆ. ಬಲಕ್ಕೆ ಬಿತ್ತು. ಖಾತ್ರಿ ಆಗ್ಲಿ ಅಂತ ಮುಂದಿನ ಸೋಮವಾರ ಮತ್ತೆ ಕೇಳಿದೆ. ಎಡಕ್ಕೆ ಬಿತ್ತು.

ಒಳಗೆಲ್ಲ ಕತ್ತಲಿರುವಾಗ ದೇವರ ಇಚ್ಛೆ ಏನು ಅಂತ ನೀವೆಲ್ಲ ಹೇಗೆ ತಿಳ್ಕೊಳ್ತೀರಿ? ಜ್ಯೋತಿಷಿಗಳ ನಂಬರ್ ದಯವಿಟ್ಟು ಬೇಡ.

ಕಾಫಿಪುಡಿ_560004

ಎರಡನೇ ಸಲ ಕೇಳಿದ್ದೇ ತಪ್ಪು 😀 ದೇವರಿಗೂ ಬೇಜಾರಾಗುತ್ತೆ.

ಸೈಟು_ಕಳ್ಕೊಂಡವ

ಹೂ ಪ್ರಸಾದದ ಬಗ್ಗೆ ನನ್ನ ಕೇಳಿ. ನಮ್ಮ ಚಿಕ್ಕಪ್ಪ ತುಮಕೂರು ರಸ್ತೆಯಲ್ಲಿ ಸೈಟು ತಗೊಳ್ಳೋಕೆ ಮುಂಚೆ ಊರ ದೇವರ ಹತ್ತಿರ ಕೇಳಿದ್ರು. ಬಲಕ್ಕೆ ಬಿತ್ತು, ದೊಡ್ಡ ಸೇವಂತಿಗೆ, ಡಬ್ ಅಂತ. ಖುಷಿಯಾಗಿ ಅಡ್ವಾನ್ಸ್ ಕೊಟ್ವಿ. ಆ ಸೈಟನ್ನ ನಮಗಿಂತ ಮುಂಚೆ ಇಬ್ಬರಿಗೆ ಮಾರಿದ್ದ ಪುಣ್ಯಾತ್ಮ. ಕೇಸು ಇನ್ನೂ ನಡೀತಿದೆ. ಚಿಕ್ಕಪ್ಪ ಈಗಲೂ ಹೇಳೋದು ಒಂದೇ: "ದೇವರು ತಗೋ ಅಂದ. ಇಸಿ ತೆಗೆಸಬೇಡ ಅನ್ಲಿಲ್ಲ." (ಇಸಿ ಅಂದ್ರೆ ಸೈಟಿನ ಹಿಂದಿನ ಮಾರಾಟ, ಸಾಲ ತೋರಿಸೋ ಸರ್ಕಾರಿ ಪತ್ರ.)

ಸಂದೇಹಿ_ಸುಬ್ಬ

ಮೇಡಂ, ಬೇಜಾರು ಮಾಡ್ಕೋಬೇಡಿ. ಒಳಗಿಂದ ಬರ್ತಿದ್ದದ್ದು ದೇವರ ಮಾತಲ್ಲ, ನಿಮ್ಮದೇ ಬುದ್ಧಿ. ಹತ್ತು ನಿಮಿಷ ಸುಮ್ಮನೆ ಕೂತ್ರೆ ಯಾರಿಗಾದ್ರೂ ತಲೆ ತಿಳಿಯಾಗುತ್ತೆ. ಈಗ ಅಪ್ಪ ಹೋದ ದುಃಖ, ಅಮ್ಮನ ಕಾಯಿಲೆ, ಬ್ಯಾಂಕಿನ ಟಾರ್ಗೆಟ್ಟು. ಬುದ್ಧಿ ಸುಸ್ತಾಗಿದೆ, ಅಷ್ಟೇ. ಇದಕ್ಕೆ ದೇವರು ಯಾಕೆ?

ವಿದ್ಯಾಪೀಠ_ಸರ್ಕಲ್

ಸುಬ್ಬ ಅವರೇ, ಆ ಬುದ್ಧಿ ಎಲ್ಲಿಂದ ಬಂತು ಅನ್ನೋದೇ ಪ್ರಶ್ನೆ. ಇರಲಿ.

ತಾಯಿ, ನಿಮ್ಮ ಮಾತಲ್ಲಿ ಒಂದು ತಿದ್ದುಪಡಿ. ಒಳಗಿರುವವನು ಇದ್ದಾನೆ ಅಂದ್ರೆ ಅನುಭವಕ್ಕೆ ಬರಲೇಬೇಕು ಅಂತ ನೀವು ಹಿಡ್ಕೊಂಡಿದ್ದೀರಿ. ಬೃಹದಾರಣ್ಯಕ ಉಪನಿಷತ್ತಿನ ಮೂರನೇ ಅಧ್ಯಾಯದಲ್ಲಿ ಉದ್ದಾಲಕ ಆರುಣಿ ಯಾಜ್ಞವಲ್ಕ್ಯರನ್ನ ಅಂತರ್ಯಾಮಿ ಯಾರು ಅಂತ ಕೇಳ್ತಾರೆ. ಉತ್ತರ ಶುರುವಾಗೋದೇ ಹೀಗೆ: ಭೂಮಿಯೊಳಗೆ ಇದ್ದುಕೊಂಡು ಯಾರು ಅದನ್ನ ನಡೆಸ್ತಾನೋ, ಯಾರನ್ನ ಭೂಮಿ ಅರಿಯದೋ, ಅವನು. "ಯಂ ಪೃಥಿವೀ ನ ವೇದ." ಆಮೇಲೆ ನೀರು, ಅಗ್ನಿ, ಗಾಳಿ, ಕಣ್ಣು, ಕಿವಿ, ಮನಸ್ಸು, ಒಂದೊಂದಕ್ಕೂ ಇದೇ ಮಾತು. ಮನಸ್ಸಿನೊಳಗೆ ಇದ್ದಾನೆ, ಮನಸ್ಸು ಅವನನ್ನ ಅರಿಯದು. ಗೊತ್ತಾಗದೇ ಇರೋದು ಅವನ ಲಕ್ಷಣದಲ್ಲೇ ಸೇರಿದೆ. ಹಿಂದೆ ಗೊತ್ತಾಗ್ತಿತ್ತಲ್ಲ, ಅದೇ ವಿಶೇಷ. ಈಗ ಆಗ್ತಿರೋದು ಸಾಮಾನ್ಯ ಸ್ಥಿತಿ.

ದೀಪದ_ಕುಡಿ

ವಿದ್ಯಾಪೀಠ ಸರ್, ಓದೋಕೆ ಸಮಾಧಾನ ಆಯ್ತು. ಆದ್ರೆ ತಿಂಗಳ ಕೊನೆಗೆ ಅಣ್ಣನಿಗೆ "ಯಂ ಪೃಥಿವೀ ನ ವೇದ" ಅಂತ ಉತ್ತರ ಕೊಡೋಕಾಗಲ್ಲ.

ಕಾಫಿಪುಡಿ_560004

😂😂 ಅಕ್ಕ, ನಿಮ್ಮ ಒಳಗೆ ಕತ್ತಲಾಗಿದ್ರೂ ನಾಲಿಗೆ ಚುರುಕಾಗೇ ಇದೆ.

ವಿವೇಕನಗರ_ಗುರುವಾರ

ನಾನು ಕ್ರೈಸ್ತಳು, ಕನ್ನಡ ಪೂಜೆಗೆ ಹೋಗೋಳು. ನಮ್ಮಲ್ಲಿ ಇದರ ಬಗ್ಗೆ ತುಂಬಾ ಬರೆದಿಟ್ಟಿದ್ದಾರೆ. ಧ್ಯಾನಕೂಟದಲ್ಲಿ ಒಬ್ಬ ಯೇಸುಸಭೆಯ (ಜೆಸ್ಯುಯಿಟ್, ಸಂತ ಇಗ್ನೇಷಿಯಸ್ ಕಟ್ಟಿದ ಪಾದ್ರಿಗಳ ಸಂಘ) ಫಾದರ್ ಹೇಳಿಕೊಟ್ಟಿದ್ದನ್ನ ಹೇಳ್ತೀನಿ.

ಸಂತ ಇಗ್ನೇಷಿಯಸ್ ಮೊದಲು ಸೈನಿಕ. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಅನ್ನೋ ಊರಿನ ಕೋಟೆಯಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಪುಡಿಯಾಯ್ತು. ತಿಂಗಳುಗಟ್ಟಲೆ ಹಾಸಿಗೆ. ಮಲಗಿದಲ್ಲೇ ಒಂದು ವಿಷಯ ಗಮನಿಸ್ತಾರೆ. ಯುದ್ಧ, ಹೆಸರು, ರಾಜಮನೆತನದ ಹೆಣ್ಣು ಅಂತ ಕನಸು ಕಾಣುವಾಗ ಮಜಾ, ಆಮೇಲೆ ಬಾಯೆಲ್ಲ ಒಣಗಿದ ಹಾಗೆ. ಸಂತರ ಹಾಗೆ ಬದುಕಬೇಕು ಅಂತ ಯೋಚಿಸಿದಾಗಲೂ ಖುಷಿ, ಆದ್ರೆ ಅದು ಆಮೇಲೂ ಉಳೀತಿತ್ತು. ಯಾವ ಯೋಚನೆ ಎಲ್ಲಿಂದ ಬಂತು ಅಂತ ಅದು ಬಿಟ್ಟು ಹೋದ ರುಚಿಯಿಂದ ಗುರುತಿಸೋಕೆ ಕಲಿತರು. ಅವರ ಇಡೀ ಪದ್ಧತಿ ಹುಟ್ಟಿದ್ದು ಅಲ್ಲಿ.

ಅವರದೊಂದು ಕಟ್ಟುನಿಟ್ಟಿನ ನಿಯಮ ಇದೆ. ಒಳಗೆ ಒಣಗಿರೋ ಕಾಲದಲ್ಲಿ ಹೊಸ ತೀರ್ಮಾನ ಮಾಡಬೇಡ. ಬೆಳಕಿದ್ದಾಗ ಏನು ನಿಶ್ಚಯ ಮಾಡಿದ್ದೆಯೋ ಅದರಲ್ಲೇ ನಿಲ್ಲು. ಪ್ರಾರ್ಥನೆ ಕಮ್ಮಿ ಮಾಡಬೇಡ, ಬೇಕಾದ್ರೆ ಸ್ವಲ್ಪ ಜಾಸ್ತಿ ಕೂರು. ಅಕ್ಕ, ಅಪ್ಪ ಹೋಗೋಕೆ ಮುಂಚೆ ಅಮ್ಮನ ಬಗ್ಗೆ ನೀವು ಏನು ನಿಶ್ಚಯ ಮಾಡಿದ್ರಿ?

ಗೀತಾಭವನ_ಹತ್ತಿರ

ಮದರ್ ತೆರೇಸಾಗೂ ಇದೇ ಆಗಿತ್ತಲ್ವಾ? ಸುಮಾರು ಐವತ್ತು ವರ್ಷ ಒಳಗೆ ಏನೂ ಇರಲಿಲ್ಲವಂತೆ. ಅವರು ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ, ಪತ್ರಗಳು ಹೊರಬಂದು ಎಲ್ಲರಿಗೂ ಗೊತ್ತಾಯ್ತು.

ವಿವೇಕನಗರ_ಗುರುವಾರ

ಹೌದು. ಕಲ್ಕತ್ತಾದ ಬೀದಿಗಿಳಿದ ಹೊಸದರಲ್ಲೇ ಆ ಕತ್ತಲೆ ಶುರುವಾಗಿದ್ದು. ಆದ್ರೆ ಇಳೀಬೇಕು ಅನ್ನೋ ಕರೆ ಅದಕ್ಕೂ ಮುಂಚೆ, 1946ರಲ್ಲಿ, ರೈಲಿನಲ್ಲಿ ಹೋಗ್ತಿದ್ದಾಗ ಬಂದಿತ್ತು. ಉಳಿದ ಕಾಲವೆಲ್ಲ ಆ ಒಂದು ಕರೆಯ ಮೇಲೇ ನಡೆದರು.

ಸಂದೇಹಿ_ಸುಬ್ಬ

ಐವತ್ತು ವರ್ಷ ಉತ್ತರ ಬರಲಿಲ್ಲ ಅಂದ್ರೆ ಆ ಕಡೆ ಯಾರೂ ಇಲ್ಲ ಅನ್ನೋದು ಸರಳವಾದ ಅರ್ಥ. ಅದನ್ನೂ ಸಾಧನೆ ಅಂತೀರಲ್ಲ.

ವಿವೇಕನಗರ_ಗುರುವಾರ

ಅವರಿಗೂ ಆ ಅನುಮಾನ ಬಂದಿತ್ತು, ಬರೆದೂ ಇದ್ದಾರೆ. ಆದ್ರೂ ಬೆಳಗ್ಗೆ ಎದ್ದು ರೋಗಿಗಳ ಹುಣ್ಣು ತೊಳೆದರು. ನೀವು ಏನು ಬೇಕಾದ್ರೂ ಅರ್ಥ ಮಾಡ್ಕೊಳ್ಳಿ.

ಧಾರವಾಡ_ಟು_ರಾಜಾಜಿನಗರ

ನಮ್ಮ ಅಜ್ಜಿ ಎಪ್ಪತ್ತು ವರ್ಷ ಅಂಗೈ ಮ್ಯಾಲೆ ಲಿಂಗ ಇಟಗೊಂಡು ಪೂಜಿ ಮಾಡಿದಾಕಿ. ನಾ ಸಣ್ಣಾಂವ ಇದ್ದಾಗ ಕೇಳಿದ್ನಿ, "ಅಜ್ಜಿ, ಶಿವ ನಿನಗ ಏನರ ಹೇಳ್ತಾನೇನ?" ಅಂತ. "ಅಂವಾ ಏನ ಹೇಳ್ತಾನೋ? ನಾ ಹೇಳತೀನಿ, ಅಂವಾ ಕೇಳತಾನ" ಅಂದ್ಲು. ಪೂಜಿ ಮುಗಿಸಿ ಎದ್ದ ಕೂಡ್ಲೇ ಓಣ್ಯಾಗ ಒಂದ ಸುತ್ತ ಹಾಕಾಕಿ. ಯಾರ ಮನ್ಯಾಗ ಒಲಿ ಹತ್ತಿಲ್ಲ ನೋಡಕೊಂಡ ಬಂದು ಅಲ್ಲಿಗೆ ರೊಟ್ಟಿ ಕಳಸಾಕಿ. ನಮ್ಮವ್ವ ಬೈತಿದ್ಲು, ನಮ್ಮನಿ ಹಿಟ್ಟೆಲ್ಲ ಓಣಿಗೇ ಹೋತು ಅಂತ.

ಕಡೀ ಎರಡ ವರ್ಷ ಆಕಿಗೂ ನೆನಪು ಹೋತ್ರಿ. ಮಕ್ಕಳ ಹೆಸರ ಮರತ್ಲು. ಆದ್ರ ಮುಂಜಾನೆ ಅಂಗೈ ಮಾತ್ರ ತಾನ ಮುಂದ ಬರ್ತಿತ್ತು. ನಾವು ಲಿಂಗ ಇಡತಿದ್ವಿ. ಒಳಗ ಏನ ಇತ್ತೋ ಏನ ಇರಲಿಲ್ಲೋ ಯಾರಿಗೆ ಗೊತ್ತು. ಕೈಗೆ ಗೊತ್ತಿತ್ತು.

ದೀಪದ_ಕುಡಿ

ಧಾರವಾಡದ ಅಣ್ಣ, ಇದನ್ನ ಬ್ಯಾಂಕ್ ಕ್ಯಾಂಟೀನಲ್ಲಿ ಓದಿ ಎದ್ದು ಹೊರಗೆ ಹೋಗಬೇಕಾಯ್ತು. ಅಮ್ಮ ಕೂಡ ಹೂ ಕಟ್ಟೋದು ಮರೆತಿಲ್ಲ. ದಾರ ಕೊಟ್ರೆ ಸಾಕು.

ವಿವೇಕನಗರ ಅವರು ಕೇಳಿದ್ದಕ್ಕೆ: ನಿಶ್ಚಯ ಅಂತ ಮಾಡಿರಲಿಲ್ಲ. ಐಸಿಯು ಬಾಗಿಲಲ್ಲಿ ಅಪ್ಪನಿಗೆ "ಅಮ್ಮನ್ನ ನಾನೇ ನೋಡ್ಕೋತೀನಿ" ಅಂತ ಮಾತು ಕೊಟ್ಟೆ. ಅದನ್ನ ದೇವರ ಮುಂದೆ ಇಟ್ಟು ಕೂರೋಕೆ ಎಲ್ಲಿತ್ತು ಟೈಮು.

ಮೈಂಡ್‌ಫುಲ್_ಮಲ್ಲೇಶ್ವರ

ಅದೇ ನೋಡಿ. ನಿಮಗೆ ಆ ಮಾತಿನ ಮೇಲೆ ಒಳಗೊಳಗೇ ಸಿಟ್ಟಿದೆ. ಅದನ್ನ ಒಪ್ಪಿಕೊಳ್ಳೋವರೆಗೂ ಮೌನ ಬಿಡಲ್ಲ. ನಿಮ್ಮ ನಿಜವಾದ ಪ್ರಶ್ನೆ ಅಮ್ಮನದಲ್ಲ, ಅಪ್ಪನದು.

ದೀಪದ_ಕುಡಿ

ಇರಬಹುದು. ಆದ್ರೆ ನೀವು ಎರಡೇ ಸಾಲಲ್ಲಿ ನನ್ನ ಓದಿ ಮುಗಿಸಿದ್ದು ಯಾಕೋ ಹಿಡಿಸಲಿಲ್ಲ. ಗ್ಯಾಸ್ ಆನ್ ಮಾಡೋದು ಅಮ್ಮನೇ, ಅಪ್ಪ ಅಲ್ಲ.

ಬನಶಂಕರಿ_ಎರಡನೇ_ಹಂತ

ಕೊಟ್ಟ ಮಾತು ಕೊಟ್ಟ ಮಾತೇ. ಇದರಲ್ಲಿ ದೇವರನ್ನ ಏನು ಕೇಳೋದು? ಕೆಲಸ ಬಿಟ್ಟು ತಾಯಿ ಸೇವೆ ಮಾಡಿ. ನಮ್ಮ ಕಾಲದಲ್ಲಿ ಆಶ್ರಮ ಅನ್ನೋ ಪದವನ್ನೇ ಯಾರೂ ಎತ್ತುತ್ತಿರಲಿಲ್ಲ.

ರಾತ್ರಿಪಾಳಿ_ನರ್ಸ್

ನಿಮ್ಮ ಕಾಲದಲ್ಲಿ ಮನೆ ತುಂಬ ಸೊಸೆಯಂದಿರು ಇರ್ತಿದ್ರು ಸರ್, ಸಂಬಳ ಇಲ್ಲದೆ. "ನೋಡ್ಕೋತೀನಿ" ಅಂದ್ರೆ ಕೆಲಸ ಬಿಡ್ತೀನಿ ಅಂತ ಅರ್ಥ ಎಲ್ಲಿದೆ? ಸಂಬಳ ಇದ್ರೇ ತಾನೇ ಹಗಲು ನೋಡ್ಕೊಳ್ಳೋಕೆ ಜನ ಇಡಬಹುದು, ಔಷಧಿ ತರಬಹುದು.

ಅಕ್ಕ, ನಾನು ಬೇರೆ ಒಂದು ಕೇಳ್ತೀನಿ. ರಾತ್ರಿ ನಿದ್ದೆ ಬರುತ್ತಾ? ಹಸಿವು? ಮೊದಲು ಇಷ್ಟ ಆಗ್ತಿದ್ದದ್ದು ಈಗಲೂ ಇಷ್ಟ ಆಗುತ್ತಾ?

ದೀಪದ_ಕುಡಿ

ಮೂರು ಗಂಟೆಗೆ ಎಚ್ಚರ ಆದ್ರೆ ಮುಗೀತು. ಹಾಡು ಕೇಳೋದು ಬಿಟ್ಟು ವರ್ಷ ಆಯ್ತು. ಹಸಿವು ಸುಮಾರು.

ರಾತ್ರಿಪಾಳಿ_ನರ್ಸ್

ಹಾಗಾದ್ರೆ ಇದನ್ನ ಬರೀ ಆಧ್ಯಾತ್ಮ ಅಂತ ಬಿಡಬೇಡಿ. ಒಬ್ಬ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್, ಬಿ12 ಎಲ್ಲ ಸೇರಿಸಿ. ಮಾತಾಡಬೇಕು ಅನ್ಸಿದ್ರೆ ಟೆಲಿ-ಮಾನಸ್ ಇದೆ, 14416. ಸರ್ಕಾರದ್ದು, ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. ಮೂರು ಗಂಟೆ ರಾತ್ರಿಗೆ ಅದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ.

ಜಯನಗರ_ಯೋಗಮೇಷ್ಟ್ರು

ನರ್ಸ್ ಮೇಡಂ ಹೇಳಿದ್ದು ಪತಂಜಲಿಗೂ ಒಪ್ಪಿಗೆ. ಯೋಗಸೂತ್ರದ ಮೊದಲ ಪಾದ, 30ನೇ ಸೂತ್ರದಲ್ಲಿ ಚಿತ್ತ ಚದುರಿಸೋ ಒಂಬತ್ತು ವಿಘ್ನಗಳ ಪಟ್ಟಿ ಇದೆ. ಮೊದಲನೇದು ಸಂಶಯವೂ ಅಲ್ಲ, ಪಾಪವೂ ಅಲ್ಲ. ವ್ಯಾಧಿ. ಮೈಗೆ ಹುಷಾರಿಲ್ಲದಿರೋದು. ಎರಡನೇದು ಸ್ತ್ಯಾನ, ಮನಸ್ಸು ಹೆಪ್ಪುಗಟ್ಟಿದ ಹಾಗೆ ಆಗೋದು. ಸಂಶಯ ಬರೋದು ಮೂರನೇದಾಗಿ. ನನ್ನ ಕ್ಲಾಸಿಗೆ ಬರೋರೆಲ್ಲ ನೇರ ಸಮಾಧಿಗೇ ಕೈ ಹಾಕ್ತಾರೆ, ಹಿಮೋಗ್ಲೋಬಿನ್ ನೋಡಿದ್ರೆ ಒಂಬತ್ತೂ ಇರಲ್ಲ.

ಸಂಸ್ಕೃತ_ಎಂಎ

ಆದರೂ ಅಂತಃಕರಣವೇ ಪ್ರಮಾಣ ಅಂತ ಕಾಳಿದಾಸ ಹೇಳಿಲ್ಲವೇ? ಸಜ್ಜನರಿಗೆ ಸಂದೇಹ ಬಂದಾಗ ಮನಸ್ಸಿನ ಒಲವೇ ದಾರಿ ತೋರಿಸುತ್ತೆ ಅಂತ.

ಸಂದೇಹಿ_ಸುಬ್ಬ

ಹೇಳಿದ್ದು ಯಾರು ಅಂತ ನೆನಪಿದೆಯಾ? ದುಷ್ಯಂತ. ಆಶ್ರಮದಲ್ಲಿ ಹುಡುಗಿ ನೋಡಿ ಮನಸೋತಾಗ. ಆಮೇಲೆ ಅದೇ ಅಂತಃಕರಣ ಹೆಂಡತಿನೇ ಗೊತ್ತಿಲ್ಲ ಅಂತು.

ಸಂಸ್ಕೃತ_ಎಂಎ

ಅದು ದೂರ್ವಾಸರ ಶಾಪ ಸ್ವಾಮಿ.

ಸಂದೇಹಿ_ಸುಬ್ಬ

ಶಾಪ ನಾಟಕದಲ್ಲಿ. ಮಹಾಭಾರತದ ಆದಿಪರ್ವ ತೆಗೆದು ನೋಡಿ. ಅಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ನೆನಪಿದ್ದೂ ತುಂಬಿದ ಸಭೆಯಲ್ಲಿ ಗೊತ್ತಿಲ್ಲ ಅಂದ.

ಸಂಸ್ಕೃತ_ಎಂಎ

ಇದೊಂದು ಒಪ್ಕೋತೀನಿ.

ಕಾಫಿಪುಡಿ_560004

ಸುಬ್ಬಣ್ಣ ದೇವರನ್ನ ನಂಬಲ್ಲ, ಆದಿಪರ್ವ ಮಾತ್ರ ಬಾಯಿಪಾಠ.

ಸಂದೇಹಿ_ಸುಬ್ಬ

ನಂಬೋರು ಓದಲ್ಲ ಗುರು. ಯಾರಾದ್ರೂ ಓದಬೇಕಲ್ಲ.

ಗಾಂಧಿಬಜಾರ್_ಬೆಳಗು

ಒಳದನಿ ಅಂದ್ರೆ ಗಾಂಧೀಜಿ ನೆನಪಾಗ್ತಾರೆ. 1933ರ ಮೇ 8ರಂದು ಶುರುಮಾಡಿದ 21 ದಿನದ ಉಪವಾಸಕ್ಕೆ ಒಳಗಿನ ಧ್ವನಿಯೇ ಕಾರಣ ಅಂತ ಅವರೇ ಹೇಳಿದ್ರು. ಜನ ನಕ್ಕರು. ಎಲ್ಲರೂ ಹಾಗೆ ಹೇಳ್ಕೊಳ್ಳೋ ಹಾಗಿಲ್ಲ, ಅದಕ್ಕೆ ದೀರ್ಘಕಾಲದ ಶಿಸ್ತು ಬೇಕು ಅನ್ನೋದು ಅವರ ನಿಲುವು.

ಶಿವಾಜಿನಗರ_ಚಾಂದ್

ಒಳದನಿ ಅಂತ ಹೇಳ್ಕೊಂಡು ಊರು ಸುಟ್ಟವರೂ ಇದ್ದಾರಲ್ಲ ಸಾರ್. ಅದಕ್ಕೇ ನಮ್ಮಲ್ಲಿ ಒಬ್ಬರೇ ಕೂತು ಕೇಳೋದರ ಜೊತೆಗೆ ಮಶ್ವರಾ ಅಂತ ಇಟ್ಟಿದ್ದಾರೆ. ತಿಳಿದವರ ಹತ್ತಿರ, ಹಿತ ಬಯಸೋರ ಹತ್ತಿರ ಆಲೋಚನೆ ಕೇಳೋದು.

ಅಕ್ಕ, ನಾವು ಇಸ್ತಿಖಾರಾ ಮಾಡ್ತೀವಿ. ಎರಡು ರಕಅತ್ (ಸುತ್ತು) ನಮಾಜು, ಆಮೇಲೆ ಒಂದು ದುವಾ, ಅಂದ್ರೆ ಪ್ರಾರ್ಥನೆ. ಅದರ ತಾತ್ಪರ್ಯ ಇಷ್ಟೇ: ಯಾ ಅಲ್ಲಾ, ಈ ಕೆಲಸ ನನಗೆ ಒಳ್ಳೇದಾದ್ರೆ ಸುಲಭ ಮಾಡು, ಕೆಟ್ಟದಾದ್ರೆ ಅದನ್ನ ನನ್ನಿಂದ ದೂರ ಮಾಡು, ನನ್ನನ್ನೂ ಅದರಿಂದ ದೂರ ಮಾಡು. ಬಹಳ ಜನ ಅಂದ್ಕೊಂಡಿರೋದು ರಾತ್ರಿ ಕನಸು ಬೀಳುತ್ತೆ, ಹಸಿರು ಕಂಡ್ರೆ ಮಾಡು, ಕೆಂಪು ಕಂಡ್ರೆ ಬಿಡು ಅಂತ. ಇದನ್ನ ಹೇಳೋ ಹದೀಸಿನಲ್ಲಿ (ಪ್ರವಾದಿಯವರ ನುಡಿ) ಕನಸಿನ ಮಾತೇ ಇಲ್ಲ. ದುವಾ ಮಾಡಿ, ಸರಿ ಅನ್ಸಿದ ಕಡೆ ಹೆಜ್ಜೆ ಇಡೋದು. ಬಾಗಿಲು ತೆಗೆಯುತ್ತಾ ಮುಚ್ಚುತ್ತಾ ಅಂತ ನಡೀತಾ ಗೊತ್ತಾಗುತ್ತೆ. ನಮ್ಮ ಅಬ್ಬಾ ಹೇಳ್ತಿದ್ರು, ನಿಂತ ಗಾಡಿಗೆ ಸ್ಟೇರಿಂಗ್ ತಿರುಗಿಸಿದ್ರೆ ಏನು ಪ್ರಯೋಜನ ಅಂತ. ಅವರು ಲಾರಿ ಡ್ರೈವರು.

ಇನ್ನೊಂದು. ಪ್ರವಾದಿಯವರಿಗೂ ಸ್ವಲ್ಪ ಕಾಲ ವಹೀ, ಅಂದ್ರೆ ದೇವರ ಸಂದೇಶ, ಬರೋದು ನಿಂತಿತ್ತು. ಜನ ಆಡ್ಕೊಂಡ್ರು, ನಿನ್ನ ದೇವರು ನಿನ್ನ ಬಿಟ್ಟ ಅಂತ. ಆಗ ಇಳಿದದ್ದು ಕುರ್‌ಆನಿನ 93ನೇ ಸೂರಾ (ಅಧ್ಯಾಯ), ಅದ್ದುಹಾ. ಏರುಹಗಲಿನ ಆಣೆ, ಮೌನವಾದ ರಾತ್ರಿಯ ಆಣೆ, ನಿನ್ನ ಪ್ರಭು ನಿನ್ನ ಕೈಬಿಟ್ಟಿಲ್ಲ, ಮುನಿದೂ ಇಲ್ಲ. ಅದರ ಕೊನೆಗೆ ಹೇಳೋದು ಧ್ಯಾನ ಮಾಡು ಅಂತ ಅಲ್ಲ. ಅನಾಥನನ್ನ ಗದರಿಸಬೇಡ, ಕೇಳಿಕೊಂಡು ಬಂದವನನ್ನ ಓಡಿಸಬೇಡ.

ವಿದ್ಯಾಪೀಠ_ಸರ್ಕಲ್

ಚಾಂದ್ ಅವರೇ, ಸ್ಟೇರಿಂಗ್ ಮಾತು ಚೆನ್ನಾಗಿದೆ. ಬರೆದಿಟ್ಕೊಂಡೆ.

ಬನಶಂಕರಿ_ಎರಡನೇ_ಹಂತ

ನಮ್ಮ ಹೆಣ್ಣುಮಗಳೊಬ್ಬರು ಕೇಳಿದ ಪ್ರಶ್ನೆಗೆ ಎಲ್ಲ ಧರ್ಮದ ಸಮ್ಮೇಳನ ಯಾಕೆ? ನಮ್ಮಲ್ಲಿ ಇಲ್ಲದ್ದು ಏನಿದೆ?

ದೀಪದ_ಕುಡಿ

ಕೇಳಿದವಳು ನಾನು. ನನಗೆ ಬೇಕು. ಮಾತಾಡಲಿ.

ವೇದಿಕೆ_ನಿರ್ವಾಹಕ

ಬನಶಂಕರಿ ಅವರಿಗೆ ಉತ್ತರವಾಗಿ ಬಂದ ನಾಲ್ಕು ಕಾಮೆಂಟ್ ತೆಗೆದಿದ್ದೇನೆ. ವಿಷಯಕ್ಕೆ ಬನ್ನಿ.

ಸಂಜೆ_ಪಾರಾಯಣ

ಗೀತೆಯ ಹದಿನೆಂಟನೇ ಅಧ್ಯಾಯ ನೋಡಿ. 61ನೇ ಶ್ಲೋಕದಲ್ಲಿ ಈಶ್ವರ ಎಲ್ಲರ ಹೃದಯದಲ್ಲಿದ್ದಾನೆ ಅಂತಾನೆ ಕೃಷ್ಣ. ಹಾಗಾದ್ರೆ ಅವನು ಹೇಳಿದ ಹಾಗೆ ಕೇಳು ಅಂತ ತಾನೇ ಬರಬೇಕು? ಎರಡು ಶ್ಲೋಕ ಬಿಟ್ಟು, 63ರಲ್ಲಿ, "ಯಥೇಚ್ಛಸಿ ತಥಾ ಕುರು" ಅಂತಾನೆ. ಚೆನ್ನಾಗಿ ಯೋಚನೆ ಮಾಡಿ ನಿನಗೆ ತೋಚಿದ ಹಾಗೆ ಮಾಡು. ಅಷ್ಟೆಲ್ಲ ಹೇಳಿ ಲಗಾಮು ಮತ್ತೆ ಅರ್ಜುನನ ಕೈಗೇ ಕೊಟ್ಟ.

ಗೀತಾಭವನ_ಹತ್ತಿರ

ಅರ್ಧಕ್ಕೇ ನಿಲ್ಲಿಸಬೇಡಿ. 66ರಲ್ಲಿ "ಮಾಮೇಕಂ ಶರಣಂ ವ್ರಜ" ಅಂತ ಇದೆ. ಕೊನೆಯ ಮಾತು ಶರಣಾಗತಿಯೇ. ಮತ್ತೆ, ಲಗಾಮು ಕೃಷ್ಣನ ಕೈಲೇ ಇತ್ತು, ಸಾರಥಿ ಅವನು 🙂

ಸಂಜೆ_ಪಾರಾಯಣ

ಲಗಾಮಿಗೆ ಸೋತೆ. ಆದ್ರೆ ಶರಣು ಬಾ ಅಂದ ಮೇಲೂ ಬಾಣ ಬಿಟ್ಟಿದ್ದು ಅರ್ಜುನನೇ ಅಲ್ವಾ? ನಾನು ಹೇಳೋದು, ಉತ್ತರ ಬರದೇ ಇರೋದು ಕೆಲವು ಸಲ ನಿನಗೇ ಬಿಟ್ಟಿದ್ದೀನಿ ಅನ್ನೋ ಉತ್ತರ ಇರಬಹುದು.

ಗವಿಪುರ_ಗುಟ್ಟಹಳ್ಳಿ

ಅಕ್ಕ, ನಿಮ್ಮ ಮನೆ ಹತ್ತಿರಾನೇ ಗವಿ ಗಂಗಾಧರೇಶ್ವರ ಇದೆಯಲ್ಲ. ಸಂಕ್ರಾಂತಿ ಸಂಜೆ ಒಂದೇ ಒಂದು ದಿನ ಸೂರ್ಯನ ಕಿರಣ ನಂದಿ ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬೀಳುತ್ತೆ. ಉಳಿದ 364 ದಿನವೂ ಗವಿ ಕತ್ತಲೆ. ಪೂಜೆ ನಿಲ್ಲಲ್ಲ.

ನಕ್ಷತ್ರ_ನೋಡೋನು

ಉಪಮೆ ಚೆನ್ನಾಗಿದೆ, ಲೆಕ್ಕ ತಪ್ಪು. ಡಿಸೆಂಬರ್ 21-22ಕ್ಕೆ ಸೂರ್ಯ ದಕ್ಷಿಣದ ತುದಿ ಮುಟ್ಟಿ ವಾಪಸ್ ತಿರುಗ್ತಾನೆ. ಸಂಕ್ರಾಂತಿ ಅದಾದ ಮೇಲೆ ಸುಮಾರು 24 ದಿನಕ್ಕೆ. ಅಂದ್ರೆ ಅದಕ್ಕೂ 24 ದಿನ ಮುಂಚೆ, ನವೆಂಬರ್ ಕೊನೆಗೆ, ಸೂರ್ಯ ಅದೇ ಜಾಗದಲ್ಲಿ ಇರ್ತಾನೆ. ಕಿರಣ ಆಗಲೂ ಒಳಗೆ ಬರುತ್ತೆ, ಒಂದೇ ದಿನ ಅಲ್ಲ, ಹಿಂದೆ ಮುಂದೆ ಕೆಲವು ದಿನ. ಟಿವಿಯವರು ಬರಲ್ಲ, ಕ್ಯೂ ಇರಲ್ಲ, ಯಾರೂ ನೋಡಲ್ಲ.

ಗವಿಪುರ_ಗುಟ್ಟಹಳ್ಳಿ

ಹುಟ್ಟಿದಾಗಿನಿಂದ ಇಲ್ಲೇ ಇದ್ದೀನಿ, ಇದು ಗೊತ್ತಿರಲಿಲ್ಲ!

ಕಾಫಿಪುಡಿ_560004

ನವೆಂಬರ್ ಕೊನೆ ಅಂದ್ರೆ ಕಡಲೆಕಾಯಿ ಪರಿಷೆ ಸಮಯ. ಎಲ್ಲರೂ ಬಸವನಗುಡೀಲಿ ಕಡಲೆಕಾಯಿ ತಿಂತಿರ್ತೀವಿ, ಅದಕ್ಕೇ ಗೊತ್ತಾಗಲ್ಲ. ಈ ಸಲ ಸೇರು ಎಷ್ಟಿತ್ತು ಯಾರಾದ್ರೂ ಹೇಳಿ, ನನಗೆ ಮೋಸ ಆಗಿದೆ ಅನ್ಸುತ್ತೆ.

ರಾತ್ರಿಪಾಳಿ_ನರ್ಸ್

ಕಡಲೆಕಾಯಿಗೆ ಬೇರೆ ಕಡೆ ಬರೀರಿ. ಅಕ್ಕ, ಆಮೇಲೆ ಏನಾಯ್ತು? ಡಾಕ್ಟರ್ ಹತ್ತಿರ ಹೋದ್ರಾ?

ದೀಪದ_ಕುಡಿ (18 ದಿನದ ನಂತರ)

ಎಲ್ಲರಿಗೂ ನಮಸ್ಕಾರ. ಹೋದೆ. ಬಿ12 ತೀರಾ ಕಮ್ಮಿ ಇತ್ತು, ಇಂಜೆಕ್ಷನ್ ನಡೀತಿದೆ. ನಿದ್ದೆಯ ವಿಷಯಕ್ಕೆ ಇನ್ನೊಬ್ಬರ ಹತ್ತಿರ ಕಳಿಸಿದ್ದಾರೆ, ಹೋಗ್ತಿದ್ದೀನಿ. 14416ಗೂ ಒಂದು ರಾತ್ರಿ ಫೋನ್ ಮಾಡಿದೆ. ಆ ಕಡೆ ಒಬ್ಬ ಹುಡುಗಿ ಅರ್ಧ ಗಂಟೆ ಕೇಳಿಸ್ಕೊಂಡಳು, ನಡುವೆ ಉಪದೇಶ ಮಾಡಲಿಲ್ಲ.

ಸಂದೇಹಿ_ಸುಬ್ಬ

ದೇವರಲ್ಲ, ವಿಟಮಿನ್ನು. ನಾನು ಮೊದಲೇ ಹೇಳಿದ್ದೆ.

ದೀಪದ_ಕುಡಿ

ಸುಬ್ಬ ಅವರೇ, ಐದು ಇಂಜೆಕ್ಷನ್ ಆಯ್ತು. ಸುಸ್ತು ಕಮ್ಮಿ ಆಗಿದೆ. ಬೆಳಗಿನ ಹತ್ತು ನಿಮಿಷ ಮಾತ್ರ ಹಾಗೇ ಇದೆ, ಗೋಡೆ. ವಿಟಮಿನ್ ಕೊಟ್ಟವರು ಅದನ್ನ ಗುಣ ಮಾಡ್ತೀವಿ ಅಂತಲೂ ಹೇಳಿಲ್ಲ.

ಅಣ್ಣನಿಗೆ ಉತ್ತರ ಹೇಳಿದೆ. ಕೆಲಸ ಬಿಡಲ್ಲ, ಆಶ್ರಮವೂ ಈಗ ಬೇಡ. ಎರಡು ತಿಂಗಳು ಸಂಬಳ ಇಲ್ಲದ ರಜೆ ಕೇಳಿದ್ದೀನಿ. ಅಷ್ಟರಲ್ಲಿ ಹಗಲು ಹೊತ್ತಿಗೆ ಒಬ್ಬರನ್ನ ಹುಡುಕ್ತೀವಿ. ಅಣ್ಣ ಹದಿನೈದು ದಿನಕ್ಕೊಂದು ಸಲ ಮೈಸೂರಿಂದ ಬಂದು ಶನಿವಾರ ಭಾನುವಾರ ಇರಬೇಕು. ಅವನು ಇದಕ್ಕೆ ತಕ್ಷಣ ಒಪ್ಪಿದ್ದು ನನಗೆ ಆಶ್ಚರ್ಯ. ಫೋನಲ್ಲಿ ಅಳ್ತಿದ್ದ ಅನ್ಸುತ್ತೆ. ಆಶ್ರಮ ಅಂದಿದ್ದು ನನ್ನ ಮುಖ ನೋಡೋಕಾಗದೆ ಅಂತೆ.

ಇದು ದೇವರ ಇಚ್ಛೆನಾ ಅಂದ್ರೆ ಗೊತ್ತಿಲ್ಲ. ತಿಳಿಯಾಗಲಿಲ್ಲ. ಹೂವೂ ಕೇಳಲಿಲ್ಲ. ಮಶ್ವರಾ ಅಂತೂ ನಿಮ್ಮೆಲ್ಲರ ಜೊತೆ ಆಯ್ತು.

ವಿವೇಕನಗರ_ಗುರುವಾರ

ಹೇಳಿದ ಮೇಲೆ ಬಾಯಿ ಒಣಗಿತಾ ಅಕ್ಕ?

ದೀಪದ_ಕುಡಿ

ಇಲ್ಲ. ಫೋನ್ ಇಟ್ಟು ಅಮ್ಮನ ಜೊತೆ ಕೂತು ಉಪ್ಪಿಟ್ಟು ತಿಂದೆ. ಎರಡನೇ ಸಲ ಹಾಕಿಸ್ಕೊಂಡೆ.

ಬನಶಂಕರಿ_ಎರಡನೇ_ಹಂತ

ಎರಡು ತಿಂಗಳ ಮೇಲೆ ಏನು ಮಾಡ್ತೀರಿ ಅನ್ನೋದು ಪ್ರಶ್ನೆ ಹಾಗೇ ಇದೆ.

ದೀಪದ_ಕುಡಿ

ಇದೆ ಸರ್.

ಗವಿಪುರ_ಗುಟ್ಟಹಳ್ಳಿ

ನಕ್ಷತ್ರ ನೋಡೋ ಸಾರ್, ಆ ನವೆಂಬರ್ ಬಿಸಿಲು ಎಷ್ಟು ಗಂಟೆಗೆ ಬರುತ್ತೆ?

ನಕ್ಷತ್ರ_ನೋಡೋನು

ಸಂಜೆ ಐದರ ಆಸುಪಾಸು. ಮೋಡ ಇದ್ರೆ ಏನೂ ಕಾಣಲ್ಲ, ಮೊದಲೇ ಹೇಳಿರ್ತೀನಿ.

ಕಾಫಿಪುಡಿ_560004

ಗಾಡಿ ತಗೊಂಡು ಹೋಗಬೇಡಿ, ನಿಲ್ಲಿಸೋಕೆ ಜಾಗ ಇಲ್ಲ. ಅಕ್ಕ, ನಿಮ್ಮ ಮನೆ ಮುಂದೆ ನಿಲ್ಲಿಸ್ಲಾ?